ಅಂಗಳದ ಕೆಳಗಿನ ತುಪ್ಪ

ಡಿಸೆಂಬರ್ 8, ರವಿವಾರ

ಮದುವೆಯಾಗಿ ಇವತ್ತಿಗೆ ಹದಿನಾಲ್ಕು ದಿನ. ತವರೂರು ಮೈಂದರ್ಗಿಯಿಂದ ತಂದ ನೋಟುಬುಕ್ಕನ್ನು ಇವತ್ತು ಮೊದಲ ಸಲ ತೆರೆದಿದ್ದೇನೆ. ಯಾರಾದರೂ ಓದಿಯಾರು ಎಂಬ ಹೆದರಿಕೆಯಿಲ್ಲ. ಈ ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡ, ಕಲಿತದ್ದು ಮಾತ್ರ ಮರಾಠಿ ಶಾಲೆಯಲ್ಲಿ. ಇವರಿಗಂತೂ, ಅಂದರೆ ನನ್ನ ಗಂಡನಿಗೆ, ಕನ್ನಡದಲ್ಲಿ ಬರೆದ ಬಸ್ಸಿನ ಬೋರ್ಡು ಕೂಡ ಚಿತ್ರದ ಹಾಗೆ ಕಾಣುತ್ತದಂತೆ.

ಸೋಲಾಪುರದ ಈ ಮನೆ ಹಳೆಯದು, ಒಳ್ಳೆಯದು. ಕೆಳಗೆ ಅಡುಗೆಮನೆ, ಅತ್ತೆ ಲಕ್ಷ್ಮೀಬಾಯಿ, ಮಾವ ಶಾಂತಲಿಂಗಪ್ಪ. ಮಾವನವರದು ಚಾದರ, ಟಾವೆಲ್ಲುಗಳ ಹೋಲ್‌ಸೇಲ್ ಅಂಗಡಿ. ಇವರೂ ಅಲ್ಲೇ ಕೂಡುತ್ತಾರೆ. ಮೇಲೆ ನಮ್ಮ ಕೋಣೆ, ಅದಕ್ಕೆ ಹತ್ತಿದ ಬಚ್ಚಲು. ಹಿಂದೆ ಶಹಾಬಾದಿ ಕಲ್ಲು ಹಾಸಿದ ಅಂಗಳ. ಅಂಗಳದ ಆಚೆಯ ಎರಡು ಕೋಣೆಗಳಲ್ಲಿ ಛಾಯಾ ಎಂಬುವರು ಹನ್ನೊಂದು ವರ್ಷದಿಂದ ಬಾಡಿಗೆಗಿದ್ದಾರೆ.

ಎಲ್ಲರೂ ಒಳ್ಳೆಯವರು. ತೊಂದರೆ ಒಂದೇ, ತುಪ್ಪ.

ಅತ್ತೆಯ ತವರು ಸಲಗರ ಬುದ್ರುಕ. ಅಲ್ಲಿಂದ ಅವರ ತಮ್ಮ ವಾರಕ್ಕೊಂದು ಡಬ್ಬಿ ಎಮ್ಮೆಯ ತುಪ್ಪ ಕಳಿಸುತ್ತಾರೆ. ಥಂಡಿಯ ದಿನಗಳಲ್ಲಿ ಹೊಸ ಸೊಸೆ ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಒಂದು ವಾಟಿ, ಅಂದರೆ ಸಣ್ಣ ಬಟ್ಟಲು ತುಂಬ, ಬಿಸಿ ತುಪ್ಪಕ್ಕೆ ಕರಿಮೆಣಸಿನ ಪುಡಿ ಹಾಕಿಕೊಂಡು ಕುಡಿಯಬೇಕು. ರಾತ್ರಿ ಊಟವಾದ ಮೇಲೆ ಇನ್ನೊಂದು ವಾಟಿ. "ಮೈಂದರ್ಗಿಯವರು ಬರೇ ಎಲುವು ಕಳಿಸ್ಯಾರ, ಮೈ ನಾವ ತುಂಬಬೇಕು," ಎಂದು ಅತ್ತೆ ಬಂದವರಿಗೆಲ್ಲ ಹೇಳಿ ನಗುತ್ತಾರೆ.

ಮೊದಲ ಎರಡು ದಿನ ಕುಡಿದೆ. ಮೂರನೇ ದಿನ ಯಾರಿಗೂ ಕೇಳದಂತೆ ವಾಂತಿ ಮಾಡಿಕೊಂಡೆ. ಅಂದಿನಿಂದ "ಮ್ಯಾಲ ಹೋಗಿ ಕುಡೀತೀನ್ರಿ" ಎಂದು ವಾಟಿಯನ್ನು ಕೋಣೆಗೆ ತಂದು, ಬಚ್ಚಲಿಗೆ ಸುರುವಿ, ಹಿಂದೆಯೇ ಒಂದು ತಂಬಿಗೆ ಬಿಸಿನೀರು ಹಾಕುತ್ತೇನೆ. ಪಾಪ ಅನ್ನಿಸುತ್ತದೆ. ಆದರೆ "ಬ್ಯಾಡ್ರಿ" ಎನ್ನುವ ಒಂದು ಮಾತು ನನ್ನಿಂದ ಆಗುವುದಿಲ್ಲ. ಎಂ.ಎ. ಮೌಖಿಕ ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಗೊತ್ತಿಲ್ಲ ಎಂದು ಹೇಳಿ ಎದ್ದು ಬಂದವಳು ನಾನು.

ಡಿಸೆಂಬರ್ 11, ಬುಧವಾರ

ಛಾಯಕ್ಕನ ಜೊತೆ ಮಾತಾಡಿದೆ. ಅಂದರೆ ಅವರು ಮಾತಾಡಿದರು.

ಅವರು ಕಡಕ್ ಭಕ್ರಿ ಎನ್ನುವ ಗಟ್ಟಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಚಕ್ಕಲಿ ಮಾಡಿ ಅಂಗಡಿಗಳಿಗೆ ಕೊಡುತ್ತಾರೆ. ಗಂಡ ಉದಯಕುಮಾರ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಟಾವೆಲ್ ಕಾರ್ಖಾನೆಯ ಪಾಳಿ ಕೆಲಸಕ್ಕೆ ಹೋಗುತ್ತಾರೆ. ನಾನು ಅಂಗಳದ ಕಂಬದ ಹತ್ತಿರ ನಿಂತು ಅವರ ಕೈ ನೋಡುತ್ತಿದ್ದೆ. ಹಿಟ್ಟಿನ ಮುದ್ದೆ ಅವರ ಅಂಗೈ ಕೆಳಗೆ ತಿರುಗುತ್ತ ತಿರುಗುತ್ತ ಕಾಗದದಷ್ಟು ತೆಳ್ಳಗಾಗುತ್ತದೆ.

"ಏನ್ ಸೊಸಿಬಾಯಿ, ಕಂಬ ಹಿಡಕೊಂಡ ನಿಂತೀರಿ? ಅದು ಬೀಳಂಗಿಲ್ಲ. ಹನ್ನೊಂದ ವರ್ಷದಿಂದ ನೋಡಾಕತ್ತೀನಿ."

ನಕ್ಕೆ. ಹೋಗಿ ಕೂತೆ.

"ಏನ್ ಓದೀರಿ?"

"ಎಂ.ಎ. ಕನ್ನಡ."

"ಹಂಗಾರ ಮಾತ ಭಾಳ ಬರಬೇಕಲ್ಲ! ಎಲ್ಲಿಟ್ಟೀರಿ ಅವನ್ನ? ತವರಮನ್ಯಾಗ ಬಿಟ್ಟ ಬಂದೀರೇನು?"

ಬಿಸಿ ಭಕ್ರಿಯ ಮೇಲೆ ಚಟ್ನಿ ಇಟ್ಟು ಕೊಟ್ಟರು. ಒರಳಲ್ಲಿ ಕುಟ್ಟಿದ್ದು, ಶೇಂಗಾದ ಎಣ್ಣೆ ತಾನೇ ಬಿಟ್ಟು ಹೊಳೆಯುತ್ತಿತ್ತು. ಅವರ ಪ್ಯಾಕೆಟ್ಟಿನ ಚೀಟಿಯ ಮೇಲೆ ಮರಾಠಿಯಲ್ಲಿ 'ಡಾಲ್ಡಾ ಇಲ್ಲ' ಎಂದು ಅಚ್ಚು ಹಾಕಿಸಿದ್ದಾರೆ. "ನನ್ನ ಕಡೆ ಇರೂದು ಅದೊಂದ ಮಾತು," ಎಂದರು. "ಅಕ್ಕಲಕೋಟದಾಗ ಗುಡಿ ಹತ್ರ ಅಂಗಡಿ ಅದ, ಪುಣೆ-ಮುಂಬೈ ಭಕ್ತರು ಹೆಸರ ಹೇಳಿ ಕೇಳ್ತಾರ, ಛಾಯಾಂದ ಕೊಡ್ರಿ ಅಂತ."

ಎರಡು ಭಕ್ರಿ ತಿಂದೆ. ಈ ಊರಿಗೆ ಬಂದ ಮೇಲೆ ಹೊಟ್ಟೆ ತುಂಬ ತಿಂದದ್ದು ಇವತ್ತು.

ಡಿಸೆಂಬರ್ 15, ರವಿವಾರ

ಥಂಡಿ ಜೋರಾಗಿದೆ. ರಾತ್ರಿ ಹತ್ತು ಡಿಗ್ರಿಗೆ ಇಳಿದಿತ್ತೆಂದು ಮಾವ ಪೇಪರು ನೋಡಿ ಹೇಳಿದರು. ಮಧ್ಯಾಹ್ನ ಮಾಳಿಗೆಯ ಮೇಲೆ ಬಿಸಿಲಿಗೆ ಕೂತು ಕೂದಲು ಒಣಗಿಸಿಕೊಂಡೆ. ಅತ್ತೆ ಪಕ್ಕದಲ್ಲಿ ಮೆಂತ್ಯ ಸೊಪ್ಪು ಸೋಸುತ್ತಿದ್ದರು. ಇವರು ಅಂಗಡಿಯಿಂದ ಹೊಸ ನಮೂನೆಯ ಚಾದರ ತಂದು "ಹೆಂಗದ?" ಎಂದು ಕೇಳಿದರು. ಚಲೋ ಇದೆ ಎಂದೆ. ಬಣ್ಣ ನನಗೆ ಸೇರಿರಲಿಲ್ಲ.

ಆದರೂ ಇಂಥ ಬಿಸಿಲಿನಲ್ಲಿ ಕೂತರೆ ಯಾವ ದೂರೂ ನೆನಪಾಗುವುದಿಲ್ಲ.

ಬಚ್ಚಲ ನೀರು ಎರಡು ದಿನದಿಂದ ನಿಧಾನಕ್ಕೆ ಇಳಿಯುತ್ತಿದೆ. ಇವತ್ತು ಎರಡು ತಂಬಿಗೆ ಬಿಸಿನೀರು ಹಾಕಿದೆ.

ಡಿಸೆಂಬರ್ 17, ಮಂಗಳವಾರ

ಬೆಳಗ್ಗೆ ಎದ್ದು ನೋಡಿದರೆ ಅಂಗಳದ ತುಂಬ ನೀರು. ನಮ್ಮ ಬಚ್ಚಲು, ಅಡುಗೆಮನೆ, ಛಾಯಕ್ಕನ ಮೋರಿ, ಮೂರರ ನೀರೂ ಅಂಗಳದ ನಡುವಿನ ಚೇಂಬರಿಗೆ ಬಂದು ಅಲ್ಲಿಂದ ಒಂದೇ ಪೈಪಿನಲ್ಲಿ ಬೀದಿಗೆ ಹೋಗುತ್ತದೆ. ಆ ಚೇಂಬರಿನ ಮುಚ್ಚಳದ ಸುತ್ತ ಹೊಲಸು ನೀರು ಉಕ್ಕುತ್ತಿತ್ತು. ಛಾಯಕ್ಕ ಸೀರೆ ಎತ್ತಿ ಕಟ್ಟಿ ಬಕ್ಕೀಟಿನಿಂದ ತೋಡುತ್ತಿದ್ದರು. ಅವರ ಒಂದು ಹಿಟ್ಟಿನ ಚೀಲ ನೆನೆದು ಹೋಗಿತ್ತು.

ಹತ್ತು ಗಂಟೆಗೆ ಪ್ಲಂಬರ್ ಯೋಗಿರಾಜ ಬಂದ. ಬಿಸಿಲು ಬಿದ್ದಿದ್ದರೂ ತಲೆಗೆ ಉಣ್ಣೆಯ ಟೋಪಿ. ಉದ್ದನೆಯ ಸ್ಪ್ರಿಂಗನ್ನು ಪೈಪಿನೊಳಗೆ ಬಿಟ್ಟು ತಿರುಗಿಸುತ್ತ ಹೋದ. ನಾವೆಲ್ಲ ಸುತ್ತ ನಿಂತಿದ್ದೆವು. ಅರ್ಧ ಗಂಟೆಯ ಮೇಲೆ ಸ್ಪ್ರಿಂಗಿನ ತುದಿಗೆ ಹತ್ತಿಕೊಂಡು ಬಿಳಿ ಗಟ್ಟಿಗಳು ಬಂದವು, ಒಂದೊಂದೂ ಮುಷ್ಟಿಯಷ್ಟು. ಕಡ್ಡಿಯಿಂದ ಒಂದನ್ನು ಸೀಳಿ ನೋಡಿದ.

"ಮಣ್ಣಲ್ಲ, ಅರಿವಿ ಅಲ್ಲ. ಜಿಡ್ಡು. ಥಂಡಿಗೆ ಕುಂತದ."

"ಥಂಡಿಗೂ ಪೈಪ ಹಾಳಾಗ್ತಾವೇನೋ?" ಮಾವ ಕೇಳಿದರು.

"ಮಾಲಕ, ನಾ ಎರಡ ವರ್ಷ ಲಡಾಖದ ಲೇಹದಾಗ ಠೇಕೇದಾರನ ಕೈಯಾಗ ಪೈಪ ಹಾಕೀನಿ. ಅಲ್ಲಿ ಪೈಪಿನಾಗ ನಿಂತ ನೀರು ಬರ್ಫ ಆಗಿ ಉಬ್ಬತದ, ಪೈಪ ಸೀಳತದ. ನೆಲದಾಗಿನ ಹಸಿನೂ ಬರ್ಫ ಆಗಿ ನೆಲಾನ ಮ್ಯಾಲ ಎತ್ತತದ. ಜೋಡ ಎಲ್ಲಾ ಬಿಚ್ಚತಾವ. ಅದಕ ಅಲ್ಲಿ ಆಳು ಮುಳುಗೂವಷ್ಟ ತಗ್ಗ ತೋಡಿ ಪೈಪ ಇಡ್ತಾರ. ಥಂಡಿ ಅಷ್ಟ ಕೆಳಗ ಇಳಿಯೂದಿಲ್ಲ."

"ನಮ್ಮ ಸೋಲಾಪುರದಾಗ ಬರ್ಫ ಎಲ್ಲಿಂದ ಬಂತಪ್ಪ?" ಅತ್ತೆ.

"ಬರ್ಫ ಇಲ್ರಿ ಬಾಯಾರ. ಆದ್ರ ನಿಮ್ಮ ಪೈಪ ಚೀನಿಮಣ್ಣಿಂದು, ಅಜ್ಜಗೋಳ ಕಾಲದ್ದು. ಈ ಕಲ್ಲಿನ ಕೆಳಗ ಒಂದ ಗೇಣಿಗೆ ಇಟ್ಟಾರ. ರಾತ್ರಿ ಕಲ್ಲು ತಣ್ಣಗ ಆತಂದ್ರ ಪೈಪಿನಾಗಿನ ಜಿಡ್ಡು ಅಲ್ಲೇ ಹೆಪ್ಪ ಆಗ್ತದ. ಹಿಂದ ನೀರು ನಿಲ್ತದ, ಜೋಡಿನಾಗ ಸೋರ್ತದ, ಬುಡದ ಮಣ್ಣ ಕೊಚ್ಚಿ ಪೈಪ ಕುಸೀತದ. ಲೇಹದಾಗ ಥಂಡಿ ಪೈಪ ಎತ್ತತದ, ನಿಮ್ಮ ಮನ್ಯಾಗ ಇಳಸ್ಯದ. ಇವತ್ತ ಸಾಫ ಮಾಡಿ ಕೊಡ್ತೀನಿ. ಆದ್ರ ಹೊಸಾ ಪೈಪ ಹಾಕಲಿಕ್ಕೇಬೇಕು."

ಛಾಯಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಏ ಯೋಗ್ಯಾ, ಶೇಂಗಾ ಎಣ್ಣಿ ಏನರೆ ಹಿಂಗ ಕಲ್ಲಾಗ್ತದೇನು?"

"ಇಲ್ರಿ ಅಕ್ಕಾ, ಈ ಥಂಡಿಗೆ ಅದು ಹೆಪ್ಪ ಆಗೂದಿಲ್ಲ. ಇದು ಡಾಲ್ಡಾ, ಇಲ್ಲಾ ತುಪ್ಪ. ನೋಡ್ರಿ, ಒಳಗ ಕರೀ ಕರೀ ಚುಕ್ಕಿನೂ ಅದಾವ."

"ತುಪ್ಪ ಯಾರರೆ ಗಟಾರಕ್ಕ ಹಾಕ್ತಾರೇನು?" ಅತ್ತೆ ನಕ್ಕರು. ಆಮೇಲೆ ನಗು ನಿಲ್ಲಿಸಿ ಛಾಯಕ್ಕನ ಕಡೆ ನೋಡಿದರು. "ಚಕ್ಕಲಿಗೆ ಕರಿ ಎಳ್ಳ ಹಾಕತಿಯಲ್ಲ ಛಾಯಾ."

ನಾನು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಡಿಸೆಂಬರ್ 18, ಬುಧವಾರ

ಎಳ್ಳಲ್ಲ. ಮೆಣಸು.

ನಾನೇ.

ಡಿಸೆಂಬರ್ 19, ಗುರುವಾರ

ಸಂಕ್ರಾಂತಿಯ ಹೊತ್ತಿಗೆ ಕೋಣೆ ಖಾಲಿ ಮಾಡಬೇಕೆಂದು ಮಾವ ಛಾಯಕ್ಕನಿಗೆ ಹೇಳಿದರು. ಅವರು ಜೋರು ಮಾಡುವವರಲ್ಲ. ನೆಲ ನೋಡುತ್ತ ಹೇಳಿದರು.

ಅತ್ತೆಗೆ ಪೈಪಿನ ಸಿಟ್ಟು ಇಲ್ಲ. "ಹನ್ನೊಂದ ವರ್ಷ ಬಂದವರ ಮುಂದೆಲ್ಲ ಡಾಲ್ಡಾ ಇಲ್ಲದ ಚಟ್ನಿ ಅಂತ ನಾ ಹೇಳಿ ಹೇಳಿ ತಿನ್ನಿಸೀನಿ," ಎಂದರು. "ಆಕಿ ಹಾಕೀನಿ ಅಂದ್ರ ಮಾಫ ಮಾಡ್ತಿದ್ದೆ. ಹಾಕೇ ಇಲ್ಲ ಅಂತಾಳ! ಸುಳ್ಳು ನನಗ ಸಹನ ಆಗೂದಿಲ್ಲ."

ಹೀಗೆಂದು ನನ್ನ ಕೈಗೆ ತುಪ್ಪದ ವಾಟಿ ಕೊಟ್ಟರು. ಅಡುಗೆಮನೆಯಲ್ಲೇ ನಿಂತು ಪೂರ್ತಿ ಕುಡಿದೆ. ಮೊನ್ನೆಯಿಂದ ಎರಡೂ ಹೊತ್ತು ಕುಡಿಯುತ್ತಿದ್ದೇನೆ.

ಡಿಸೆಂಬರ್ 22, ರವಿವಾರ

ನಿನ್ನೆ ಸಂಜೆ ಮಾಳಿಗೆಯ ಗೋಡೆಯ ಮೇಲೆ ಮೂರು ವಾಟಿ ಇಟ್ಟಿದ್ದೆ. ಒಂದರಲ್ಲಿ ಶೇಂಗಾ ಎಣ್ಣೆ, ಒಂದರಲ್ಲಿ ಡಾಲ್ಡಾ, ಒಂದರಲ್ಲಿ ತುಪ್ಪ. ಡಾಲ್ಡಾದ ಪ್ಯಾಕೆಟ್ಟನ್ನು ಮೂಲೆಯ ಅಂಗಡಿಯಿಂದ ನಾನೇ ತಂದೆ. ಬೆಳಗ್ಗೆ ನೋಡಿದೆ. ಎಣ್ಣೆ ವಾಟಿಯಲ್ಲಿ ಹರಿದಾಡುತ್ತಿತ್ತು. ಡಾಲ್ಡಾ ಮತ್ತು ತುಪ್ಪ ಎರಡೂ ಬೋರಲು ಹಾಕಿದರೂ ಬೀಳಲಿಲ್ಲ.

ಯಾರಿಗಾದರೂ ತೋರಿಸಬಹುದು ಎಂದುಕೊಂಡಿದ್ದೆ. ಏನು ತೋರಿಸಲಿ? ಎಣ್ಣೆ ಅಲ್ಲ ಎಂದು ಎಲ್ಲರಿಗೂ ಗೊತ್ತು. ಡಾಲ್ಡಾ ಅಲ್ಲ ಎಂದು ಹೇಳಲು ವಾಟಿಗಳಿಂದ ಆಗುವುದಿಲ್ಲ.

ವಾಟಿ ತೊಳೆದಿಟ್ಟೆ. ಜಿಡ್ಡನ್ನು ಮೊದಲು ಕಾಗದದಿಂದ ಒರೆಸಿದೆ.

ಡಿಸೆಂಬರ್ 24, ಮಂಗಳವಾರ

ಇವರು ಊಟಕ್ಕೆ ಬಂದಾಗ ಮೇಲೆ ಕರೆದು ಹೇಳಿಬಿಟ್ಟೆ. ಮೊದಲು ಅರ್ಥವಾಗಲಿಲ್ಲ. ಆಮೇಲೆ ಹಾಸಿಗೆಯ ಮೇಲೆ ಬಿದ್ದು ನಕ್ಕರು.

"ದಿನಾ? ಎರಡೂ ಹೊತ್ತು? ಸಲಗರದ ಎಮ್ಮಿ ಕೇಳಿದ್ರ ಎದಿ ಒಡಕೊಂಡ ಸಾಯ್ತದ!"

ನಾನು ನಗಲಿಲ್ಲ. ಎದ್ದು ಕೂತರು. "ನೋಡು, ಅವ್ವನ ಮುಂದ ಹೇಳಬ್ಯಾಡ. ತುಪ್ಪದ ಮಾತ ಬಂದ್ರ ಅವ್ವ ಬ್ಯಾರೇನ ಆಗ್ತಾಳ. ಪೈಪ ಸಾಫ ಆತು. ಛಾಯಕ್ಕಗ ನಾನ ಇದಕ್ಕಿಂತ ಚಲೋ ಖೋಲಿ ಹುಡುಕಿ ಕೊಡ್ತೀನಿ. ಮುಗೀತು."

"ಖೋಲಿ ಸಿಗ್ತದ್ರಿ. ಹೆಸರ ಎಲ್ಲಿ ಹುಡುಕಿ ಕೊಡ್ತೀರಿ?"

ಹಾಸಿಗೆಯಿಂದ ಎದ್ದು, "ಭಕ್ರಿ ಆರ್ತದ, ನಡಿ," ಎಂದರು.

ಅವರು ಕೆಟ್ಟವರಲ್ಲ. ಮನೆಯಲ್ಲಿ ಗದ್ದಲ ಬೇಡ ಎನ್ನುವವರು. ನಾನೂ ಹಾಗೇ ತಾನೆ?

ಡಿಸೆಂಬರ್ 27, ಶುಕ್ರವಾರ

ಅಕ್ಕಲಕೋಟದ ಅಂಗಡಿಯಿಂದ ಛಾಯಕ್ಕನ ಪ್ಯಾಕೆಟ್ಟುಗಳು ವಾಪಸು ಬಂದವು. ಎರಡು ರಟ್ಟಿನ ಡಬ್ಬ. ಅಂಗಡಿಯ ಸಾತಲಿಂಗಪ್ಪ ನಮ್ಮ ಅತ್ತೆಯ ಗೆಳತಿ ಕಸ್ತೂರಬಾಯಿಯವರ ತಮ್ಮ. ಮಾತು ಹಾಗೆ ಅಲ್ಲಿಗೆ ಮುಟ್ಟಿದೆ.

ನಾನು ಅಂಗಳಕ್ಕೆ ಇಳಿದಾಗ ಛಾಯಕ್ಕ ಒಂದು ಪ್ಯಾಕೆಟ್ಟು ಹರಿದು ಮೂಸಿ ನೋಡುತ್ತಿದ್ದರು.

"ನೀವರೆ ನಂಬ್ತೀರೇನ್ ಸೊಸಿಬಾಯಿ, ನಾ ಡಾಲ್ಡಾ ಹಾಕೀನಂತ?"

"ಇಲ್ರಿ."

"ಬಿಡ್ರಿ ಹಂಗಾರ. ಒಬ್ಬರರೆ ಅದಾರ." ಅದೇ ಪ್ಯಾಕೆಟ್ಟಿನ ಚಟ್ನಿಯನ್ನು ಭಕ್ರಿಯ ಮೇಲೆ ಹಾಕಿ ಕೊಟ್ಟರು. ಅವರ ಎದುರಿಗೇ ಕೂತು ತಿಂದೆ. ತಿನ್ನದೆ ಏಳುವುದು ಹೇಗೆಂದು ತಿಳಿಯಲಿಲ್ಲ.

ಹೇಳಬೇಕು. ನಾಳೆ.

ಡಿಸೆಂಬರ್ 28, ಶನಿವಾರ

ಹೇಳಲಿಲ್ಲ.

ಡಿಸೆಂಬರ್ 29, ರವಿವಾರ

ಇವತ್ತಿನದನ್ನು ಇದ್ದದ್ದು ಇದ್ದಂತೆ ಬರೆಯಬೇಕು.

ಅತ್ತೆ ಹೋಗುವ ಅಕ್ಕನ ಬಳಗ, ಅಂದರೆ ವಚನ ಹಾಡುವ ಹೆಂಗಸರ ಮಂಡಳಿ, ಈ ಸಲ ನಮ್ಮ ಮನೆಯಲ್ಲಿ ಸೇರಿತ್ತು. ಎಂಟು ಜನ ಬಂದಿದ್ದರು. ಹಾಡು ಮುಗಿಯಿತು. ನಾನು ಟ್ರೇಯಲ್ಲಿ ಚಹಾ ತಂದೆ. ಕಸ್ತೂರಬಾಯಿಯವರು ಸೆರಗು ಸರಿ ಮಾಡಿಕೊಂಡು ಶುರು ಮಾಡಿದರು.

"ಲಕ್ಷ್ಮೀಬಾಯಿ, ಸಂಕ್ರಾಂತಿ ಹಿಂದಿನ ದಿನ ಭೋಗಿಗೆ ಸಜ್ಜಿ ಭಕ್ರಿ ಛಾಯಾಗ ಹೇಳಿದ್ದು ರದ್ದ ಮಾಡೂಣು. ಬಳಗದ ಪ್ರಸಾದ ಅದು. ಡಾಲ್ಡಾದಾಕಿ ಕೈ ಬ್ಯಾಡ."

"ಮತ್ತೇನ! ನಮ್ಮ ಹುಡುಗ ಶುಭಂಗ ದೀಪಾವಳ್ಯಾಗ ಹೊಟ್ಟಿ ಕೆಟ್ಟಿತ್ತು, ಆಕಿ ಚಕ್ಕಲಿ ತಿಂದ ಮ್ಯಾಲೇ ಕೆಟ್ಟಿತ್ತು," ಎಂದರು ಇನ್ನೊಬ್ಬರು.

"ನಿಮ್ಮ ಶುಭಂ ಎಷ್ಟ ಚಕ್ಕಲಿ ತಿಂದಿದ್ದ ಅದನ್ನೂ ಹೇಳ್ರಿ," ಎಂದು ಮೂರನೆಯವರು ಅಂದಾಗ ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. "ಬ್ಯಾಡ ಅಂದ್ರ ಬ್ಯಾಡ, ರದ್ದ ಮಾಡ್ರಿ," ಎಂದರು.

"ತುಪ್ಪರೀ," ಎಂದೆ.

ಯಾರಿಗೂ ಕೇಳಲಿಲ್ಲ. ಕಸ್ತೂರಬಾಯಿಯವರು ಸಕ್ಕರೆ ಕಡಿಮೆಯೇ ಎಂದು ಕೇಳಿದರು.

ಟ್ರೇಯನ್ನು ನೆಲದ ಮೇಲಿಟ್ಟೆ. "ಅದು ಡಾಲ್ಡಾ ಅಲ್ರಿ. ತುಪ್ಪ. ಅತ್ತಿಯವರು ಕೊಟ್ಟ ತುಪ್ಪ ನಾ ಬಚ್ಚಲಕ್ಕ ಸುರುವೀನಿ. ದಿನಾ ಎರಡ ವಾಟಿ, ಇಪ್ಪತ್ತ ದಿವಸ. ಕರಿ ಚುಕ್ಕಿ ಎಳ್ಳಲ್ರಿ, ಮೆಣಸು. ಛಾಯಕ್ಕಂದು ಏನೂ ತಪ್ಪಿಲ್ಲ."

ಯಾರೋ ಮೆಲ್ಲಗೆ "ನಲವತ್ತ ವಾಟಿ," ಎಂದರು.

ಅತ್ತೆ ಕಪ್ಪನ್ನು ಬಸಿಯ ಮೇಲೆ ಇಟ್ಟು ಎದ್ದು ಅಡುಗೆಮನೆಗೆ ಹೋದರು. ಅವರ ಹಿಂದೆ ಹೋಗಲು ತಿರುಗಿದೆ. ಹಿಂಬಾಗಿಲಲ್ಲಿ ಛಾಯಕ್ಕ 'ಸಜ್ಜಿ ಎಷ್ಟು ಬೀಸಿಸಲಿ' ಎಂದು ಕೇಳಲು ಬಂದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

"ಹನ್ನೆರಡ ದಿವಸ," ಎಂದರು ನನಗೆ. "ಹನ್ನೆರಡ ದಿವಸ ನನ್ನ ಡಬ್ಬಿ ನಾನ ಮೂಸಿ ನೋಡೀನಿ. ರಾತ್ರಿ ಯಾರರೆ ಬಂದು ಕಲಸಿ ಹೋಗ್ಯಾರೇನಂತ. ನೀವು ಎದುರಿಗೆ ಕುಂತು ನನ್ನ ಚಟ್ನಿ ತಿಂದ್ರಿ."

ಕಸ್ತೂರಬಾಯಿಯವರು, "ಬಾ ಛಾಯಾ, ಕೂಡು, ತಪ್ಪಾತು ನಮ್ಮಿಂದ," ಎಂದು ಕರೆದರು. ಅವರು ಬರಲಿಲ್ಲ. "ಮಾಲಕರಿಗೆ ಹೇಳ್ರಿ, ಸಂಕ್ರಾಂತಿಗೆ ನಾ ಖೋಲಿ ಬಿಡ್ತೀನಿ. ಅವರು ಬಿಡಸೂದು ಬ್ಯಾಡ, ನಾನ ಬಿಡ್ತೀನಿ," ಎಂದು ಹೋದರು.

ಡಿಸೆಂಬರ್ 30, ಸೋಮವಾರ

ಎಳ್ಳ ಅಮಾವಾಸ್ಯೆ. ಅತ್ತೆಯ ತಮ್ಮನ ಹೊಲಕ್ಕೆ ಸಲಗರ ಬುದ್ರುಕಕ್ಕೆ ಹೋಗಿದ್ದೆವು. ದಾರಿಯುದ್ದಕ್ಕೂ ಅತ್ತೆ ನನ್ನ ಜೊತೆ ಮಾತಾಡಲಿಲ್ಲ. ಜೋಳ ಎದೆಯೆತ್ತರ ಬಂದಿತ್ತು. ಹೊಲದ ತುಂಬ ನೈವೇದ್ಯದ ಚರಗ ಚೆಲ್ಲಿ, ಊಟಕ್ಕೆ ಕೂತು, ಗಂಡಸರು ಬಾವಿಯ ಕಡೆ ಹೋದ ಮೇಲೆ ನಾವಿಬ್ಬರೇ ಉಳಿದೆವು.

"ನಾ ಸೊಸಿಯಾಗಿ ಬಂದಾಗ ನಮ್ಮತ್ತಿ ತುಪ್ಪದ ಡಬ್ಬಿಗೆ ಕೀಲಿ ಹಾಕ್ತಿದ್ಲು," ಎಂದರು ಅತ್ತೆ, ಹೊಲದ ಕಡೆ ನೋಡುತ್ತ. "ನಿನ್ನ ಗಂಡ ಶೈಲೇಶ ಹುಟ್ಟಿದಾಗ ಇದ ನನ್ನ ತಮ್ಮ ಬಾಣಂತಿಗಂತ ತುಪ್ಪ ತಂದ ಕೊಟ್ಟ. ಅದನ್ನೂ ಬಂದ ಮಂದಿಗೆ ಬಡಸಿದ್ಲು. ನಾ ಒಳಗ ಕುಂತ ವಾಸನಿ ತಗೊಂಡೆ. ಅವತ್ತ ಅಂದಕೊಂಡೆ, ನನ್ನ ಸೊಸಿಗೆ ಮಾತ್ರ..." ಅಲ್ಲಿಗೆ ನಿಲ್ಲಿಸಿದರು.

ನೀರಿನ ತಂಬಿಗೆಯನ್ನು ಅವರ ಕಡೆ ಸರಿಸಿದೆ.

"ಬ್ಯಾಡ ಅಂದಿದ್ರ ನಾ ಏನ್ ಹೊಡೀತಿದ್ನೇನು?"

"ಹೊಡೀತಿರಲಿಲ್ರಿ. ಇನ್ನೊಂದ ವಾಟಿ ಹಾಕ್ತಿದ್ರಿ."

ಅತ್ತೆ ತಿರುಗಿ ನನ್ನನ್ನು ನೋಡಿದರು. ಸಿಟ್ಟಿನಿಂದಲೇ ನೋಡಿದರು, ಆದರೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ನನ್ನ ಸಜ್ಜೆ ಭಕ್ರಿಯ ಮೇಲೆ ಪಲ್ಯ ಹಾಕಿ, ತುಪ್ಪದ ಚಮಚ ಎತ್ತಿ, ಕೇಳಿದರು: "ಎಷ್ಟು?"

"ಅರ್ಧ ಚಮಚ."

ಅರ್ಧವೇ ಹಾಕಿದರು. ಚಲೋ ಇತ್ತು.

ವಾಪಸು ಬರುವಾಗ, "ನೀ ಕೆಡಿಸಿದ್ದು ನೀನ ಹೋಗಿ ತಿದ್ದು. ನಾ ಕೆಡಿಸಿದ್ದು ನಾ ತಿದ್ದತೀನಿ," ಎಂದರು. ಮನೆ ಮುಟ್ಟಿದ ಕೂಡಲೇ ಸೀದಾ ಛಾಯಕ್ಕನ ಕೋಣೆಗೆ ಹೋಗಿ ಬಂದರು. ಏನು ಮಾತಾದವೋ ಗೊತ್ತಿಲ್ಲ. "ನನಗ ಮಾಫ ಮಾಡ್ಯಾಳ. ಬಳಗದ ಭೋಗಿ ಭಕ್ರಿನೂ ಒಪ್ಪಕೊಂಡಾಳ. ಖೋಲ್ಯಾಗ ಇರು ಅಂದ್ರ ಹೂಂ ಅನ್ನವಲ್ಲಳು. ನಿನ್ನ ಮಾತ ತಗದ್ರ ಎದ್ದ ಒಳಗ ಹೋದ್ಲು," ಎಂದರು.

ಜನವರಿ 2, ಗುರುವಾರ

ಅಕ್ಕಲಕೋಟಕ್ಕೆ ಹೋಗಿ ಬಂದೆ. ಶೈಲೇಶ ಬರುತ್ತೇನೆ ಎಂದ. ಅಂಗಡಿ ನೋಡಿಕೋ ಎಂದೆ.

ಸಾತಲಿಂಗಪ್ಪನವರ ಅಂಗಡಿಯಲ್ಲಿ ಭಕ್ತರ ಗದ್ದಲ. ಕಾದು ನಿಂತು ಹೇಳಿದೆ. ಅವರು ಎರಡು ಸಲ ಹೇಳಿಸಿದರು.

"ತುಪ್ಪಾ? ಬಚ್ಚಲಕ್ಕ? ತಂಗೀ, ನೀ ಸೋಲಾಪುರದಾಕಿ ಏನ್ ದುಬೈದಾಕಿ?"

ಗಿರಾಕಿಗಳೆಲ್ಲ ನಕ್ಕರು. ನಾನು ಕಾದೆ.

"ಆತು, ಛಾಯಾಗ ಹೇಳು, ನಾಳಿಂದ ಮಾಲ ಕಳಸಲಿ."

"ಹೇಳ್ತೀನ್ರಿ. ಆದ್ರ ಡಾಲ್ಡಾ ಅಂತ ಎಷ್ಟ ಮಂದಿ ಮುಂದ ಹೇಳೀರೋ ಅಷ್ಟೂ ಮಂದಿ ಮುಂದ ಅಲ್ಲಂತನೂ ಹೇಳಬೇಕ್ರಿ ಅಣ್ಣಾರ. ಈಗ ಇಲ್ಲಿ ಇದ್ದವರಿಂದ ಶುರು ಮಾಡ್ರಿ."

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು, ಮರಾಠಿಯಲ್ಲಿ ಗಿರಾಕಿಗಳಿಗೆ ಹೇಳಿದರು. ಬಸ್ಸು ತಪ್ಪೀತೆಂಬ ಗಡಬಡಿಯಲ್ಲಿ ನಾನು ಹಾಗೆ ಅಂದುಬಿಟ್ಟೆ. ಸ್ವಲ್ಪ ಹೆಚ್ಚಾಯಿತೇನೋ.

ಬಸ್‌ಸ್ಟ್ಯಾಂಡಿನಲ್ಲಿ ಮೈಂದರ್ಗಿಯ ಬಸ್ಸು ನಿಂತಿತ್ತು. ಅವ್ವನನ್ನು ನೋಡಿ ಬರಬಹುದಿತ್ತು. ಆದರೆ ನಾನು ಹೋಗಿ ನಿಜ ಹೇಳಬೇಕಾದ ಮನೆಗಳಲ್ಲಿ ಕಸ್ತೂರಬಾಯಿಯವರ ಓಣಿಯ ಮೂರು ಇನ್ನೂ ಉಳಿದಿದ್ದವು. ಸೋಲಾಪುರದ ಬಸ್ಸು ಹತ್ತಿದೆ.

ಛಾಯಕ್ಕನಿಗೆ ಅಂಗಡಿಯ ಸುದ್ದಿ ಹೇಳಿದೆ. ಕೇಳಿಸಿಕೊಂಡರು. ಬಾಗಿಲು ಹಾಕಿಕೊಂಡರು.

ಜನವರಿ 7, ಮಂಗಳವಾರ

ಅಂಗಳ ಅಗೆಯುವ ಕೆಲಸ ಶುರುವಾಗಿದೆ. ಕಲ್ಲು ಎಬ್ಬಿಸಿದರೆ ಯೋಗಿರಾಜ ಹೇಳಿದಂತೆಯೇ ಇತ್ತು. ಚೀನಿಮಣ್ಣಿನ ಪೈಪು ನಡುವೆ ಹೊಟ್ಟೆ ಬಿಟ್ಟಂತೆ ಕುಸಿದಿತ್ತು, ಎರಡು ಜೋಡು ಬಾಯಿ ತೆರೆದಿದ್ದವು. ಕಪ್ಪು ಮಣ್ಣು ಹಸಿ ಹಸಿ.

ಮಧ್ಯಾಹ್ನ ನೋಡಿದರೆ ಹೊಸ ಪೈಪಿಗೆ ಮೊಣಕೈಯಷ್ಟು ಆಳವೂ ತೋಡಿರಲಿಲ್ಲ.

"ಇಷ್ಟ ಸಾಕ್ರಿ ವೈನಿ, ಪ್ಲಾಸ್ಟಿಕ್ ಪೈಪ ಅದ," ಎಂದ.

"ಲೇಹದ್ದ ಕಥಿ ಆಳು ಮುಳುಗೂವಷ್ಟು, ನಮ್ಮ ಅಂಗಳಕ್ಕ ಮೊಣಕೈನೂ ಇಲ್ಲ? ತೋಡ್ರಿ. ಮತ್ತ ಬೀದಿ ಕಡೆ ಇಳಿಜಾರ ಬರಬೇಕು. ದಾರ ಕಟ್ಟಿ ತೋರಸ್ರಿ ನನಗ."

ಮಾವ ಅಂಗಡಿಗೆ ಹೊರಟವರು ನಿಂತು ಕೇಳಿಸಿಕೊಂಡು ಹೋದರು.

ಯೋಗಿರಾಜ ಇನ್ನೊಂದು ಮಾತು ಕೇಳಿದ. ಹಿಂದಿನ ಕೋಣೆಗಳ ಮೋರಿಗೂ ಹೊಸ ಪೈಪು ಜೋಡಿಸಬೇಕೋ, ಅಥವಾ ಅವರು ಬಿಡುತ್ತಾರೆಂದರೆ ಬಾಯಿ ಮುಚ್ಚಿಬಿಡಬೇಕೋ? ಛಾಯಕ್ಕ ಅಲ್ಲೇ ಹಿಟ್ಟು ಸಾಣಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಸದ್ಯಕ್ಕ ಬಾಯಿ ತೆರದ ಇಡ್ರಿ," ಎಂದೆ.

ಜನವರಿ 9, ಗುರುವಾರ

ಪೈಪು ಹಾಕಿ ಮುಗಿಯಿತು. ಮಣ್ಣು ಮುಚ್ಚುವ ಮೊದಲು ನೀರು ಬಿಟ್ಟು ನೋಡಬೇಕು. ನಾನು ಮೇಲಿನ ಬಚ್ಚಲಲ್ಲಿ ಅರಿವೆಗೆ ಹಾಕುವ ನೀಲಿ ಕಲಸಿದ ನೀರು ಸುರುವುವುದು, ಯೋಗಿರಾಜ ಅಂಗಳದಲ್ಲಿ ಜೋಡು ನೋಡುವುದು, ಶೈಲೇಶ ಬೀದಿಯ ಚೇಂಬರಿನ ಹತ್ತಿರ ನಿಂತು ನೀಲಿ ಬಂತೋ ಇಲ್ಲವೋ ಹೇಳುವುದು ಎಂದು ಠರಾವಾಗಿತ್ತು. ಅಷ್ಟರಲ್ಲಿ ಅಂಗಡಿಗೆ ಯಾರೋ ಗಿರಾಕಿ ಬಂದರೆಂದು ಫೋನು. ಶೈಲೇಶ ಹೊರಟೇಹೋದ. ನನಗೆ ಗೊತ್ತಿರಲಿಲ್ಲ.

ಎರಡು ಬಕ್ಕೀಟು ಸುರುವಿ ಬೀದಿಯ ಕಿಟಕಿಗೆ ಬಂದೆ. ಶೈಲೇಶ ಇಲ್ಲ. ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತ್ತುಕೊಂಡು ಛಾಯಕ್ಕ ಬರುತ್ತಿದ್ದರು. ತೆರೆದ ಚೇಂಬರಿನ ಪಕ್ಕದಲ್ಲೇ.

"ಛಾಯಕ್ಕಾ!" ಎಂದೆ. "ಕೆಳಗ ನೋಡ್ರಿ, ನೀಲಿ ಬಂತೇನು?"

ನಿಂತರು. ಮೇಲೆ ನೋಡಲಿಲ್ಲ.

ರಿಕ್ಷಾ ಒಂದು ಹಾರ್ನ್ ಹೊಡೆಯುತ್ತ ಹೋಯಿತು. ಕೇಳಿಸಲಿಲ್ಲವೇನೋ ಎಂದು ಮತ್ತೆ ಕೂಗಿದೆ. ಎದುರು ಮನೆಯ ಸೋನಾಲಿ ಹೊರಗೆ ಬಂದಳು. ಇಸ್ತ್ರಿಯವನು ಇಸ್ತ್ರಿ ಎತ್ತಿಟ್ಟು ನೋಡಿದ. ಇನ್ನೊಂದು ಬಕ್ಕೀಟು ಸುರುವಿ ಬಂದು, ಕಿಟಕಿಯ ಸರಳು ಹಿಡಿದು, ಇದ್ದಷ್ಟು ದನಿಯಿಂದ ಕೂಗಿದೆ. "ಛಾಯಕ್ಕಾ! ನನ್ನ ಮ್ಯಾಲ ಸಿಟ್ಟ ಇರಲಿ! ನೀರಿಂದ ಅಷ್ಟ ಹೇಳ್ರಿ! ಬಂತೋ ಇಲ್ಲೋ?"

ಛಾಯಕ್ಕ ಡಬ್ಬಿ ಕೆಳಗಿಟ್ಟರು. ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನೆಟ್ಟಗಾಗಿ ನನ್ನ ಕಡೆ ಮುಖ ಎತ್ತಿದರು.

"ಬಂತು! ನೀಲಿ ಬಂತು, ಜೋರ ಬಂತು! ಸಾಕ ಮಾಡ ನಮ್ಮವ್ವಾ, ಇಡೀ ಪೇಠಕ್ಕ ಕೇಳಿಸಿದಿ!"

ನಾನು ಕೆಳಗಿಳಿದು ಬರುವಷ್ಟರಲ್ಲಿ ಅವರು ಅಂಗಳದಲ್ಲಿ ಯೋಗಿರಾಜನ ಎದುರು ನಿಂತಿದ್ದರು. "ಏನೋ, ನನ್ನ ಮೋರಿ ಯಾವಾಗ ಜೋಡಸ್ತಿ? ಭೋಗಿ ನಾಕ ದಿವಸಕ್ಕ ಬಂತು. ನೂರಾ ಇಪ್ಪತ್ತ ಸಜ್ಜಿ ಭಕ್ರಿ ಮಾಡೂದದ. ನೀರೇನ ನಿನ್ನ ಟೋಪಿಗೆ ಬಿಡಲೇನು?"

ನನ್ನ ಕಡೆ ನೋಡಿ, "ನಿಂತ ಏನ ನೋಡತಿ, ಡಬ್ಬಿಗೆ ಕೈ ಹಚ್ಚು," ಎಂದರು. ಇಬ್ಬರೂ ಎತ್ತಿ ಒಳಗಿಟ್ಟೆವು. ಸಜ್ಜೆ ಹಿಟ್ಟು ಭಾರ.

ಸಂಜೆಯವರೆಗೆ ಅವರ ಮೋರಿ ಜೋಡಿಸಿದ್ದಾಯಿತು. ಅತ್ತೆ ಎಲ್ಲರಿಗೂ ಚಹಾ ಮಾಡಿದರು. ಶೈಲೇಶ ಬಂದಾಗ ಬೀದಿಯಲ್ಲಿ ನಿಲ್ಲದೆ ಹೋದದ್ದಕ್ಕೆ ಚೆನ್ನಾಗಿ ಬೈದೆ. ಆ ಹೊಸ ಚಾದರದ ಬಣ್ಣ ನನಗೆ ಸೇರಿಲ್ಲ ಎಂದೂ ಹೇಳಿದೆ.

ಹೆಚ್ಚು ಬರೆಯಲು ಆಗುತ್ತಿಲ್ಲ, ನಿದ್ದೆ ಬರುತ್ತಿದೆ. ಗಂಟಲು ಒಡೆದಿದೆ. ಥಂಡಿ ಇರಬೇಕು.